ಆಲೂಗಡ್ಡೆ ದೋಸೆಗೆ ನೆಂಚಿಕೊಳ್ಳಲು

ಮಾವನ ತೂಕ ನಲವತ್ತೇಳು ಕಿಲೋಗೆ ಇಳಿದಿತ್ತು. ಡಾಕ್ಟರು ಕಾಗದದ ಮೇಲಿನ ಅಂಕಿಯನ್ನು ನೋಡಿದರೇ ಹೊರತು ಮಾವನನ್ನು ನೋಡಲಿಲ್ಲ.

"ಮುಂದಿನ ತಿಂಗಳು ಇಪ್ಪತ್ತಕ್ಕೆ ಕರ್ಕೊಂಡ್ ಬನ್ನಿ. ಅಷ್ಟರಲ್ಲಿ ನಲವತ್ತೈದಕ್ಕಿಂತ ಕೆಳಗೆ ಹೋಗಿದ್ರೆ ಮೂಗಿಂದ ನಳಿಕೆ ಹಾಕ್ಬೇಕಾಗತ್ತೆ. ನಳಿಕೆ ಹಾಕಿದ್ಮೇಲೆ ಮನೇಲಿ ನೋಡ್ಕೊಳ್ಳೋದು ನಿಮ್ ಕೈಲಾಗಲ್ಲ. ಆರೈಕೆ ಆಸ್ಪತ್ರೇಲಿ ಈಗ್ಲೇ ಹೆಸರು ಬರೆಸಿಡಿ."

"ಗಂಟಲಲ್ಲಿ ಏನಾದ್ರೂ ತೊಂದ್ರೆನಾ ಡಾಕ್ಟ್ರೇ?" ಎಂದು ಕೇಳಿದೆ.

"ಸದ್ಯಕ್ಕೆ ಕಾಣಿಸ್ತಿಲ್ಲ. ಮರೆವಿನ ಕಾಯಿಲೆ. ಹಸಿವೂ ಮರೆತುಹೋಗತ್ತೆ. ತಿನ್ನುವಾಗ ಕೆಮ್ಮಿದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಕರ್ಕೊಂಡ್ ಬನ್ನಿ."

ಬಸ್ಸಿನಲ್ಲಿ ಅತ್ತೆ ಮಾವನನ್ನು ಕಿಟಕಿಯ ಕಡೆ ಕೂರಿಸಿ, ಅವರ ಕೋಟಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ.

"ಸೊಲ್‌ನಮ್ಮ," ಎಂದರು ತಿರುಗದೆ. ಸೊಲ್ ನಮ್ಮ ಮಗಳು, ಹೈಸ್ಕೂಲಿನ ಕೊನೆಯ ವರ್ಷ. ಅವಳು ಹುಟ್ಟಿದಂದಿನಿಂದ ಅತ್ತೆ ನನ್ನನ್ನು ಬೇರೆ ಹೆಸರಿನಿಂದ ಕರೆದಿಲ್ಲ. "ಆ ಆರೈಕೆ ಆಸ್ಪತ್ರೆಗೆ ನಮ್ ಬೀದಿಯಿಂದ ಎಷ್ಟ್ ಜನ ಹೋದ್ರು?"

"ಐದು ಜನ ಇರಬೇಕು ಅತ್ತೆ."

"ವಾಪಸ್ ಎಷ್ಟ್ ಜನ ಬಂದ್ರು?"

"ಅವರೆಲ್ಲಾ ತುಂಬಾ ವಯಸ್ಸಾದವ್ರು..."

"ಎಷ್ಟ್ ಜನ?"

"ಯಾರೂ ಬಂದಿಲ್ಲ."

"ನಿಮ್ಮಾವನ್ನ ಅಲ್ಲಿಗೆ ಕಳ್ಸಲ್ಲ. ಇಪ್ಪತ್ತರವರೆಗೆ ಟೈಮೈತೆ. ತಿನ್ಸಾಣ."

ಮನೆಗೆ ಬಂದ ಮೇಲೆ ತಿನ್ನಿಸುವ ಕೆಲಸ ಶುರುವಾಯಿತು. ಅನ್ನ ಮುಂದಿಟ್ಟರೆ ಮಾವ ಮುಖ ತಿರುಗಿಸುತ್ತಿದ್ದರು. ಗಂಜಿ ಕೊಟ್ಟರೆ ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಹಾಗೇ ಕೂರುತ್ತಿದ್ದರು. ಕೊನೆಗೆ ಬಟ್ಟೆ ಹಿಡಿದು ನಾನೇ ತೆಗೆಯಬೇಕು. ಮೊಟ್ಟೆ, ಕುಂಬಳಕಾಯಿ, ಸಮುದ್ರ ಪಾಚಿಯ ಸಾರು, ಯಾವುದೂ ಒಳಗೆ ಹೋಗಲಿಲ್ಲ. ಮೂರನೇ ದಿನ ಅತ್ತೆ ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು ಕೂತರು. ಮಿಕ್ಸಿ ಇದೆ, ಮುಟ್ಟುವುದಿಲ್ಲ. ತುರಿಮಣೆಯಲ್ಲಿ ತುರಿದು, ಬಟ್ಟೆಯಲ್ಲಿ ಹಿಂಡಿ, ಹಿಂಡಿದ ನೀರನ್ನು ಬೋಗುಣಿಯಲ್ಲಿ ಅಲುಗಾಡದಂತೆ ಇಟ್ಟರು. ತಳದಲ್ಲಿ ಬಿಳಿ ಗಸಿ ಗಟ್ಟಿಯಾಗಿ ಕೂತ ಮೇಲೆ ಮೇಲಿನ ನೀರು ಚೆಲ್ಲಿ, ಗಸಿಯನ್ನು ತುರಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕಾವಲಿಗೆ ಹಚ್ಚಿದರು. ಹಿಟ್ಟು ಒಂದು ಚಮಚವೂ ಇಲ್ಲ. ಅತ್ತೆಯ ತವರಾದ ಜೊಂಗ್‌ಸೊನ್ ಬೆಟ್ಟದವರು ಆಲೂಗಡ್ಡೆ ದೋಸೆಗೆ ಹಿಟ್ಟು ಬೆರೆಸುವವರನ್ನು ಕಲಬೆರಕೆಯವರು ಅನ್ನುತ್ತಾರೆ.

ಎಣ್ಣೆಯ ವಾಸನೆಗೆ ಮಾವ ತಲೆ ಎತ್ತಿದರು. ಕೈ ಚಾಚಿ ದೋಸೆಯ ಅಂಚು ಮುರಿದರು. ಆ ಚೂರನ್ನು ಹಿಡಿದುಕೊಂಡು ಮೇಜಿನ ಮೇಲೆಲ್ಲ ಏನನ್ನೋ ಹುಡುಕಿದರು. ಅತ್ತೆ ತಮ್ಮ ಮಕ್‌ಜಾಂಗ್‌ನ ಬಟ್ಟಲನ್ನು ಮುಂದಕ್ಕೆ ತಳ್ಳಿದರು. ಸೋಯಾ ಕಾಳು, ಬಾರ್ಲಿ ಹುದುಗಿಸಿದ ಗಟ್ಟಿ ಗೊಜ್ಜು, ಅವರ ತವರಿನದು, ನಮ್ಮ ಮನೆಯಲ್ಲಿ ಈ ದೋಸೆಗೆ ಯಾವತ್ತೂ ಅದೇ. ಮಾವ ಬೆರಳದ್ದಿ ನೆಕ್ಕಿದರು. ಮುಖ ಕಿವಿಚಿದರು.

"ಇದಲ್ಲ."

"ಏನ್ ಇದಲ್ಲ? ಐವತ್ತೈದ್ ವರ್ಷದಿಂದ ಇದೇ."

"ಇದಲ್ಲ. ಕಹಿ."

"ಕಹಿಯಂತೆ! ಮೂರ್ ಮೂರ್ ಸಲ ಹಾಕಿಸ್ಕೊಂಡ್ ತಿಂದ ಬಾಯಿ ಇದು. ಈಗ ಕಹಿ!"

ಸೊಲ್ ಸಮಾಧಾನ ಮಾಡಲು ಹೋದಳು. "ಬಿಡಜ್ಜಿ, ತಾತ ರುಚಿ ಮರ್ತಿದ್ದಾರೆ."

"ರುಚಿ ಅಲ್ಲ ಕಣವ್ವ ಮರ್ತಿರೋದು. ನನ್ ಮುಲಾಜು ಮರ್ತವ್ರೆ."

ಅತ್ತೆ ಬಟ್ಟಲನ್ನು ಎತ್ತಿಕೊಂಡು ಹೋಗಿ ಅದರಲ್ಲಿದ್ದದ್ದನ್ನು ಭರಣಿಗೆ ವಾಪಸ್ ಹಾಕಿದರು. ಆದರೆ ಮಾವ ದೋಸೆ ಮುರಿದಿದ್ದರು, ಹನ್ನೊಂದು ದಿನಗಳಲ್ಲಿ ಮೊದಲ ಸಲ ತಾವಾಗಿ ಕೈ ಚಾಚಿದ್ದರು. ಜೊತೆಗೆ ಸರಿಯಾದದ್ದೊಂದು ಸಿಕ್ಕಿದರೆ ತಿನ್ನುತ್ತಾರೆ ಎಂಬುದು ನಮಗೆಲ್ಲ ಅರ್ಥವಾಯಿತು. ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಗಂಡನ ಅಕ್ಕ ಕಿಸುಕ್ ಫೋನಿನಲ್ಲಿ ಹೇಳಿದರು. ಅವರನ್ನು ಮದುವೆ ಮಾಡಿ ಕೊಟ್ಟಿದ್ದು ತೇಗು ಪಟ್ಟಣಕ್ಕೆ. "ಸೋಯಾ ಸಾಸ್‌ಗೆ ವಿನೆಗರ್ ಬಿಟ್ಟು ಈರುಳ್ಳಿ ಹೆಚ್ಚಿ ಹಾಕ್ರೇ. ನಮ್ ಅತ್ತೆ ಮನೇಲಿ ಹಾಗೇ. ಹುಳಿ ಬಿದ್ರೆ ಬಾಯಿ ತೆರೆಯತ್ತೆ."

"ನಿಮ್ಮಪ್ಪ ತೇಗುನೋರಲ್ಲ," ಎಂದರು ಅತ್ತೆ ಪಕ್ಕದಿಂದ.

"ಅಮ್ಮಾ, ನಾನೊಂದು ದಾರಿ ಹೇಳಿದೆ ಅಷ್ಟೇ."

"ಬಂದು ಒಂದ್ ವಾರ ಇದ್ದು ನೀನೇ ತಿನ್ಸು. ಫೋನ್‌ನಲ್ಲಿ ಬಾಯಿ ಎಲ್ಲಾರ್ದೂ ತೆರೀತದೆ."

ಮಾಡಿ ನೋಡಿದೆವು. ಮಾವ ಈರುಳ್ಳಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಮೇಜಿನ ಅಂಚಿನಲ್ಲಿ ಸಾಲಾಗಿ ಇಟ್ಟರು. ಸೊಲ್ ಟೊಮೆಟೊ ಸಾಸ್ ಹಾಕಿ ಮೇಲೆ ಚೀಸ್ ಕರಗಿಸಿ ಕೊಟ್ಟಳು. "ಸಿಯೋಲ್‌ನಲ್ಲಿ ಇದಕ್ಕೆ ಕ್ಯೂ ನಿಲ್ತಾರೆ ತಾತ," ಎಂದಳು. ತಾತ ಒಂದು ತುತ್ತು ಬಾಯಿಗಿಟ್ಟು, ಅಗಿದು, ಮೊಮ್ಮಗಳ ಅಂಗೈ ತೆರೆಸಿ ಅದರಲ್ಲಿ ಉಗಿದರು. ಅಷ್ಟು ದಿನಗಳಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ನಾನು ದಕ್ಷಿಣದ ಬೊಲ್‌ಗ್ಯೊದವಳು. ನಮ್ಮಲ್ಲಿ ಈ ದೋಸೆ ಮಳೆ ಬಂದ ದಿನಕ್ಕೆ ಮಾತ್ರ, ಜೊತೆಗೆ ಉಪ್ಪು ಮೀನಿನ ನೀರು ಬಿಟ್ಟು ಹುಳಿ ಬರಿಸಿದ ಸಾಸಿವೆ ಸೊಪ್ಪಿನ ಕಿಮ್ಚಿ. ಅಮ್ಮನಿಗೆ ಹೇಳಿ ಒಂದು ಡಬ್ಬಿ ಪಾರ್ಸೆಲ್ ತರಿಸಿದೆ.

"ಉಪ್ಪು ಮೀನಿನ ನೀರು ಬೀಳ್ದಿದ್ರೆ ನಿಮ್ ಕಡೆಯೋರ್ಗೆ ನೀರೂ ಇಳಿಯಾಕಿಲ್ಲ," ಎಂದು ಅತ್ತೆ ಮೂಗು ಮುಚ್ಚಿಕೊಂಡರು.

ಆದರೆ ಮಾವ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದರು. ಬಹಳ ಹೊತ್ತು ಮೂಸಿದರು. ಒಂದೆಳೆ ಬಾಯಿಗಿಟ್ಟು, ಅದರ ಮಸಾಲೆಯನ್ನಷ್ಟೇ ಚೀಪಿ, ಸೊಪ್ಪನ್ನು ಹೊರತೆಗೆದರು.

"ಮೀನೆಲ್ಲಿ?" ಎಂದರು. "ಅಮ್ಮ ಮಾಡೋದ್ರಲ್ಲಿ ಮೀನಿರತ್ತೆ. ನವಣೆ ಇರತ್ತೆ."

ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಳ್ಳದೆಯೇ ಇತ್ತ ತಿರುಗಿದರು.

"ಸಿಕ್‌ಹೆ," ಎಂದರು. "ಮುದುಕಿ ಮಾಡ್ತಿದ್ದ ಸಿಕ್‌ಹೆ ಕೇಳ್ತಾವ್ರೆ."

ಮುದುಕಿ ಎಂದರೆ ಅವರ ಅತ್ತೆ, ಮಾವನ ತಾಯಿ. ಮಾವ ಹತ್ತೊಂಬತ್ತನೇ ವಯಸ್ಸಿನಲ್ಲಿ, ಯುದ್ಧದ ಚಳಿಗಾಲದಲ್ಲಿ, ತಾಯಿಯ ಜೊತೆ ಹಡಗಿನಲ್ಲಿ ಉತ್ತರದ ಹಾಮ್‌ಗ್ಯೊಂಗ್‌ನಿಂದ ಬಂದವರು. ಸೊಕ್ಚೊ ಬಂದರಿನ ಈ ಮರಳ ಪಟ್ಟಿಯಲ್ಲಿ ಇರುವವರೆಲ್ಲ ಹಾಗೆ ಬಂದವರೇ. ಆ ಕಡೆಯವರು ಚಪ್ಪಟೆ ಮೀನನ್ನು ಉಪ್ಪು ಹಾಕಿ, ಗಾಳಿಗೆ ಬಾಡಿಸಿ, ನವಣೆ ಅನ್ನ, ಮೆಣಸಿನ ಪುಡಿ ಕಲಸಿ ಭರಣಿಯಲ್ಲಿ ಹುಳಿ ಬರಿಸುತ್ತಾರೆ. ಅದೇ ಸಿಕ್‌ಹೆ. ಬೆಟ್ಟದಿಂದ ಸೊಸೆಯಾಗಿ ಬಂದ ಇಪ್ಪತ್ತೊಂದರ ಹುಡುಗಿಗೆ ಆ ವಾಸನೆಗೆ ವಾಂತಿ ಬರುತ್ತಿತ್ತಂತೆ.

"ಮುದುಕಿ ಸತ್ತು ನಲವತ್ತೊಂಬತ್ತನೇ ದಿನದ ತಿಥಿ ಮುಗಿದ್ಮೇಲೆ ಭರಣಿ ತೊಳೆದು ಬಿಸಾಕ್ದೆ," ಎಂದರು ಅತ್ತೆ. "ಬಿಸಾಕೋ ಮುಂಚೆ ನಿಮ್ಮಾವನ್ನ ಕೇಳಿದ್ದೆ ಕಣೆ. ಬೇಕಾ, ಇಕ್ಕೊಳ್ಳಲಾ ಅಂತ. ಬ್ಯಾಡ, ನಿನ್ ಗೊಜ್ಜೇ ಸಾಕು ಅಂದ್ರು. ನಗ್ತಾ ಅಂದ್ರು. ನಾನು ನಂಬ್ಕೊಂಡೆ."

ಮರುದಿನ ಮಾರುಕಟ್ಟೆಯಿಂದ ಒಂದು ಪೊಟ್ಟಣ ಸಿಕ್‌ಹೆ ತಂದೆ. ಮಾವ ನಾಲಿಗೆಗೆ ಮುಟ್ಟಿಸಿ "ಸಕ್ಕರೆ" ಎಂದು ಪಕ್ಕಕ್ಕಿಟ್ಟರು. ನಿಜ, ಪ್ರವಾಸಿಗರಿಗೆಂದು ಮಾಡಿದ್ದು, ಜಾಮಿನ ಹಾಗಿತ್ತು. ಅಂದು ಸಂಜೆ ನನ್ನ ಗಂಡ ಕಿಬೊಮ್ ಕೆಲಸದಿಂದ ಬಂದ. ಅವನು ಊರೊಳಗಿನ ಬಸ್ ಓಡಿಸುತ್ತಾನೆ. ಬಂದವನೇ ಅಪ್ಪನನ್ನು ಬೆನ್ನ ಮೇಲೆ ಹೊತ್ತು ತೂಕದ ಯಂತ್ರದ ಮೇಲೆ ನಿಂತ, ಆಮೇಲೆ ಒಬ್ಬನೇ ನಿಂತ. ಸೊಲ್ ಕಳೆದು ಹೇಳಿದಳು, "ನಲವತ್ತಾರು."

ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಹೇಳಿದರು. "ನಾಳೆ ಹರಾಜಿನ ಹೊತ್ಗೆ ಬಂದರಿಗೋಗಿ ಅಂಗೈಯಗಲದ ಚಪ್ಪಟೆ ಮೀನು ಮೂವತ್ತು ತಾ. ಸಿಕ್‌ಹೆ ಹಾಕ್ತೀನಿ."

"ಯಾರಿಗೆ?"

"ನಿಮ್ಮಪ್ಪಂಗೆ."

"ಅಮ್ಮ, ಎಂಬತ್ಮೂರು ವರ್ಷದ ಮನುಷ್ಯನಿಗೆ ಹುಳಿ ಬಂದ ಮೀನು, ಅದೂ ಮುಳ್ಳಿರೋದು ಕೊಡ್ತೀಯಾ? ಸಾಯಿಸ್ಬೇಕು ಅಂತಿದ್ದೀಯಾ?"

"ನೀನ್ ಮೂಗಿಗೆ ಪೈಪ್ ಇಟ್ಟು ಬದುಕಿಸ್ಬೇಕು ಅಂತಿದ್ದೀಯಲ್ಲ, ಅದೇನ್ ದೊಡ್ ಪುಣ್ಯ?"

"ಡಾಕ್ಟ್ರು ಹೇಳಿದ್ದು ನಾನಲ್ಲ. ನಾನು ಹೋಗಿ ಹೆಸರು ಬರೆಸಿ ಬಂದಿದ್ದೀನಿ ಅಷ್ಟೇ."

ಅತ್ತೆಯ ಚಮಚ ಸಾರಿನಲ್ಲೇ ನಿಂತಿತು. "ಬರೆಸಿ ಬಂದ್ಯಾ?"

"ಹಾಸಿಗೆ ಖಾಲಿ ಇರಲ್ಲಮ್ಮ. ಮುಂಚೆ ಬರೆಸ್ಬೇಕು." ಕಿಬೊಮ್ ನನ್ನ ಕಡೆ ನೋಡಿದ. "ನೀನಾದ್ರೂ ಹೇಳೇ."

ನಾನು ಎರಡೂ ಕಡೆಯ ಮಾತು ಸರಿಯೆಂದು ಯೋಚಿಸುತ್ತ ಕೂತಿದ್ದೆ.

"ಅವಳ್ನ ಯಾಕ್ ಕೇಳ್ತೀಯ? ಕಾಲೇಜು ಓದಿದೋಳು, ಮಾತು ತೂಕ ಹಾಕಿ ಹಾಕಿ, ಕೊನೇಗೆ ವ್ಯಾಪಾರನೇ ಮಾಡಾಕಿಲ್ಲ," ಎಂದು ಅತ್ತೆ ಎದ್ದರು.

ಮೀನು ನಾನೇ ತಂದೆ. ಅತ್ತೆ ತಲೆ, ಕರುಳು ತೆಗೆದು, ಉಪ್ಪು ಸವರಿ, ಒಂದು ದಿನ ಬಿಟ್ಟು ದಾರಕ್ಕೆ ಪೋಣಿಸಿ ಮಹಡಿಯ ಗಾಳಿಗೆ ಕಟ್ಟಿದರು. ನಲವತ್ತು ವರ್ಷದಿಂದ ಈ ಮನೆಯಲ್ಲಿ ಯಾರೂ ಮಾಡದ ಕೆಲಸವನ್ನು ಒಮ್ಮೆಯೂ ನಿಂತು ಯೋಚಿಸದೆ ಮಾಡಿದರು. ಕಲಿಯಲಿಲ್ಲ, ನೋಡಿ ನೋಡಿ ಬಂದದ್ದು ಎಂದರು. ನವಣೆ ಬೇಯಿಸುವಾಗ ನಾನು ನಮ್ಮ ಕಡೆಯ ರೂಢಿಯಂತೆ ಒಂದು ಹಿಡಿ ಅಕ್ಕಿ ಹಾಕಲು ಹೋದೆ. ಕೈ ಮೇಲೆ ಹೊಡೆದರು.

"ಅಕ್ಕಿ ಹಾಕಿದ್ರೆ ಮುದುಕಿ ಎದ್ದು ಬರ್ತಾಳೆ."

"ಅವರನ್ನ ಕಂಡರೆ ನಿಮಗೆ ಆಗ್ತಿರ್ಲಿಲ್ಲ ಅಂತಿದ್ರಿ?"

"ಆಗ್ತಿರ್ಲಿಲ್ಲ. ಈಗ್ಲೂ ಆಗಾಕಿಲ್ಲ." ಅವರು ಮೀನಿಗೆ ಮೆಣಸಿನ ಪುಡಿ ಮೆತ್ತುತ್ತಲೇ ಇದ್ದರು, ಮೊಣಕೈಯವರೆಗೂ ಕೆಂಪಾಗಿತ್ತು. "ಗೆದ್ದೋಯ್ತು ಮುದುಕಿ."

ಭರಣಿ ಮುಚ್ಚಿ ಎಂಟು ದಿನ. ಆಮೇಲೆ ಉಪ್ಪು ಹಾಕಿ ಹಿಂಡಿದ ಮೂಲಂಗಿ ಬೆರೆಸಿ ಇನ್ನೂ ಐದು ದಿನ. ಅಲ್ಲಿಗೆ ಅಕ್ಟೋಬರ್ ಹನ್ನೊಂದಾಗುತ್ತಿತ್ತು. ಬೇಗ ಮಾಡಲು ಬರುವುದಿಲ್ಲ. ಅತ್ತೆ ಭರಣಿಯನ್ನು ತಮ್ಮ ಹಾಸಿಗೆಯ ಕಾಲ ಬಳಿ, ಅಡಿಯಿಂದ ಕಾಯಿಸುವ ಬೆಚ್ಚನೆಯ ನೆಲದ ಮೇಲೆ ಇಟ್ಟುಕೊಂಡರು. ಕೋಣೆಯೆಲ್ಲ ವಾಸನೆ. ಸೊಲ್ ಶಾಲೆಗೆ ಹಾಕುವ ಸಮವಸ್ತ್ರವನ್ನು ನನ್ನ ಕೋಣೆಗೆ ಸಾಗಿಸಿದಳು. ಆ ಹದಿಮೂರು ದಿನ ಮಾವನಿಗೆ ಸಕ್ಕರೆ ನೀರು, ಹಾಲು, ಅಲ್ಲೊಂದು ಇಲ್ಲೊಂದು ಚಮಚ ಗಂಜಿ. ಕಿಬೊಮ್ ದಿನಾ ಸಂಜೆ ಅಪ್ಪನನ್ನು ಹೊತ್ತು ನಿಲ್ಲುತ್ತಿದ್ದ. ನಲವತ್ತೈದೂಮುಕ್ಕಾಲು. ನಲವತ್ತೈದೂವರೆ. ಒಂದು ದಿನ ಸೊಲ್ ಅಂಕಿ ಹೇಳದೆ ಎದ್ದು ಹೋದಳು. ಕಿಬೊಮ್ ಅಪ್ಪನನ್ನು ಇಳಿಸಿ, ಅವರ ಅಂಗಿಯ ಗುಂಡಿ ಸರಿಯಾಗಿ ಹಾಕಿ, "ಬೆನ್ನ ಮೇಲೆ ಏನೂ ಇಲ್ಲ ಅನ್ಸತ್ತೆ ಕಣೇ," ಎಂದ.

ಹನ್ನೊಂದನೇ ತಾರೀಕು ಶನಿವಾರ. ಮಧ್ಯಾಹ್ನ ಅತ್ತೆ ದೋಸೆ ಹಚ್ಚಿದರು, ನಾನು ಭರಣಿಯಿಂದ ಸಿಕ್‌ಹೆ ತೆಗೆದೆ. ಮೀನಿನ ಮುಳ್ಳು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗಾಗಿತ್ತು. ಆದರೂ ಒಂದೊಂದನ್ನೂ ಬಿಡಿಸಿ ತೆಗೆದೆ.

ಮಾವ ಹುಡುಕಲಿಲ್ಲ. ನೇರ ಬಟ್ಟಲಿಗೆ ಕೈ ಹಾಕಿದರು. ದೋಸೆಯ ಮೇಲೆ ಮೀನಿಟ್ಟು, ನಾಲ್ಕು ಕಾಳು ನವಣೆ ಉದುರಿಸಿ, ಮಡಚಿ ಬಾಯಿಗಿಟ್ಟರು. ಅಗಿದರು. ನುಂಗಿದರು. ಇನ್ನೊಂದು ಮಡಚಿದರು. ಕಿಬೊಮ್ ತನ್ನ ಊಟ ಬಿಟ್ಟು ನೋಡುತ್ತಿದ್ದ. ಎರಡು ದೋಸೆ ಮುಗಿಯಿತು. ಮಾವ ಖಾಲಿ ತಟ್ಟೆಯನ್ನು ಅತ್ತೆಯ ಕಡೆ ನೂಕಿ, "ಇನ್ನೊಂದು," ಎಂದರು. ಆಮೇಲೆ ಅವರ ಮುಖವನ್ನು ಚೆನ್ನಾಗಿ ನೋಡಿದರು.

"ನೀವು ಯಾರ ಮನೆಯವರಮ್ಮ?"

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ನಾನಾ? ಜೊಂಗ್‌ಸೊನ್‌ನೋಳು."

"ದೂರ ಆಯ್ತಲ್ಲ. ಬೆಟ್ಟದೋರಿಗೆ ನಮ್ಮಮ್ಮನ ಕೈ ಹೆಂಗ್ ಬಂತು?"

"ಸೊಸೆ ಆಗಿದ್ದೆ. ಒಸಿ ದಿನ."

"ಒಳ್ಳೇ ಕೈ," ಎಂದರು ಮಾವ. "ಅಮ್ಮ ಬಂದ್ಮೇಲೆ ಹೇಳ್ತೀನಿ."

ಮೂರನೇ ದೋಸೆಯ ಮಧ್ಯದಲ್ಲಿ ಅವರು ಕೆಮ್ಮಿದರು. ದೊಡ್ಡ ಕೆಮ್ಮಲ್ಲ. ನೀರಿನ ಶಬ್ದವಿದ್ದ ಸಣ್ಣ ಕೆಮ್ಮು, ಎರಡು ಸಲ, ಆಮೇಲೆ ಗಂಟಲು ಸರಿ ಮಾಡಿಕೊಂಡರು. ಕಿಬೊಮ್ ಆಗ ಅಕ್ಕನಿಗೆ ಫೋನ್ ಮಾಡಲು ಎದ್ದು ಹೋಗಿದ್ದ. "ಮೂರು ಅಕ್ಕ, ಮೂರು!" ಎನ್ನುತ್ತಿದ್ದುದು ಕೇಳುತ್ತಿತ್ತು. ಅತ್ತೆ ಒಲೆಯ ಕಡೆ ತಿರುಗಿದ್ದರು. ನಾನು ಮಾವನ ಗಂಟಲನ್ನೇ ನೋಡುತ್ತಿದ್ದೆ. ತಟ್ಟೆ ತೆಗೆಯಬೇಕೆಂದು ಕೈ ಮುಂದೆ ಮಾಡಿದೆ. ಮಾವ ಮುಂದಿನ ತುಂಡು ಮಡಚುತ್ತಿದ್ದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಭಾನುವಾರ ತಿಂದರು. ಸೋಮವಾರ ಎರಡು ಹೊತ್ತೂ ತಿಂದರು. ಅತ್ತೆ ಬೆಳಿಗ್ಗೆ ಎದ್ದವರೇ ಆಲೂಗಡ್ಡೆ ತುರಿಯಲು ಕೂರುತ್ತಿದ್ದರು. ಬೆರಳ ಗಂಟುಗಳು ತುರಿಮಣೆಗೆ ತಗುಲಿ ಸುಲಿದಿದ್ದವು. ತೂಕ ನಲವತ್ತಾರಕ್ಕೆ ಏರಿತು. ಕಿಬೊಮ್ ಒಂದು ಸೀಸೆ ಅಕ್ಕಿಯ ಹೆಂಡ ತಂದು ತಾಯಿಗೂ ಒಂದು ಬಟ್ಟಲು ಸುರಿದ. "ಅಮ್ಮ, ನಾನು ಸೋತೆ," ಎಂದ. "ಆರೈಕೆ ಆಸ್ಪತ್ರೆಯೋರಿಗೆ ಬೇಡ ಅಂತ ಹೇಳ್ಬಿಡ್ತೀನಿ."

"ಇವತ್ತೇ ಹೇಳು."

"ನಾಳೆ ಹೇಳ್ತೀನಿ."

ಪ್ರತಿ ಊಟದಲ್ಲೂ ಆ ಕೆಮ್ಮಿತ್ತು. ಕೊನೆಯಲ್ಲಿ ಎರಡು ಸಲ, ಕೆಲವೊಮ್ಮೆ ಮೂರು ಸಲ. ಒಮ್ಮೆ ಸೊಲ್ "ತಾತನ ಮಾತು ಗೊರಗೊರ ಅಂತಿದೆ ಅಲ್ವಾಮ್ಮ?" ಎಂದಳು. "ಚಳಿ ಶುರುವಾಯ್ತಲ್ಲ," ಎಂದೆ.

ಬುಧವಾರ ಬೆಳಿಗ್ಗೆ ಮಾವ ಏಳಲಿಲ್ಲ. ಮೈ ಕೆಂಡವಾಗಿತ್ತು, ಉಗುರು ನೀಲಿಯಾಗಿತ್ತು. ಆಂಬುಲೆನ್ಸಿನಲ್ಲಿ ಅವರ ಎದೆಯೊಳಗೆ ಹುರಿಯುವ ಶಬ್ದ ಕೇಳುತ್ತಿತ್ತು. ತುರ್ತು ವಿಭಾಗದ ಡಾಕ್ಟರು ಎಕ್ಸ್‌ರೇ ತೋರಿಸಿದರು. ತಿಂದದ್ದು ಶ್ವಾಸಕೋಶಕ್ಕೆ ಹೋಗಿತ್ತು, ಒಂದು ದಿನದ್ದಲ್ಲ.

"ತಿನ್ನುವಾಗ ಕೆಮ್ಮುತ್ತಿದ್ರಾ?"

ಕಿಬೊಮ್ ನಮ್ಮಿಬ್ಬರ ಕಡೆ ತಿರುಗಿದ. "ಇಲ್ಲ ಅಲ್ವಾ? ಚೆನ್ನಾಗಿ ತಿಂತಿದ್ರು. ಅಮ್ಮಾ, ಕೆಮ್ಮಿದ್ರಾ?"

"ನಾನ್ ಒಲೆ ಮುಂದೆ ಇರ್ತಿದ್ದೆ," ಎಂದರು ಅತ್ತೆ.

ನಾನು ಇಲ್ಲವೆಂದು ತಲೆಯಾಡಿಸಿದೆ. ಡಾಕ್ಟರು ಬರೆದುಕೊಂಡರು. ಅಂದೇ ಮಧ್ಯಾಹ್ನ ಮೂಗಿನಿಂದ ನಳಿಕೆ ಹಾಕಿದರು. ಇನ್ನು ಬಾಯಿಂದ ಏನೂ ಇಲ್ಲ, ನೀರೂ ಇಲ್ಲ ಎಂದರು. ಆರೈಕೆ ಆಸ್ಪತ್ರೆಗೆ ಬೇಡವೆಂದು ಹೇಳಲು ಕಿಬೊಮ್‌ಗೆ ಪುರುಸೊತ್ತಾಗಿರಲಿಲ್ಲ. ಹಾಸಿಗೆ ಖಾಲಿಯಾಗಿದೆಯೆಂದು ಅವರೇ ಎರಡು ವಾರದ ಮೇಲೆ ಫೋನ್ ಮಾಡಿದರು. ಅತ್ತೆ ಬೇಡ ಅನ್ನಲಿಲ್ಲ. ಮಾವನ ಒಳಬಟ್ಟೆಗಳಿಗೆಲ್ಲ ಕಪ್ಪು ದಾರದಲ್ಲಿ ಹೆಸರು ಹೊಲಿದು ಕೊಟ್ಟರು. ಮಗನ ಜೊತೆ ಮಾತು ನಿಲ್ಲಿಸಿದರು. ಬೈಗುಳವೂ ಇಲ್ಲ. ಅವನು ಬಂದರೆ ತಟ್ಟೆ ಇಟ್ಟು ಎದ್ದು ಹೋಗುತ್ತಾರೆ.

ನವೆಂಬರಿನ ಒಂದು ಮಂಗಳವಾರ ನಾವಿಬ್ಬರೇ ಹೋಗಿದ್ದೆವು. ಆರು ಹಾಸಿಗೆಯ ಕೋಣೆ, ಕಿಟಕಿಯ ಪಕ್ಕದ್ದು ಮಾವನದು. ಕಂಬಕ್ಕೆ ಹಾಲಿನ ಬಣ್ಣದ ಚೀಲ ನೇತುಹಾಕಿತ್ತು. ನಳಿಕೆ ಎಳೆಯುತ್ತಾರೆಂದು ಎರಡೂ ಕೈಗೆ ದಪ್ಪ ಬಟ್ಟೆಯ ಗವಸು ಹಾಕಿ, ಮಣಿಕಟ್ಟನ್ನು ಮಂಚದ ಸರಳಿಗೆ ಕಟ್ಟಿದ್ದರು. ನೋಡಿಕೊಳ್ಳುವ ಹೆಂಗಸು ಕೈ ಒರೆಸಲೆಂದು ಬಲಗೈ ಬಿಚ್ಚಿದಳು.

"ಅದ್ರಲ್ಲಿ ಏನೈತವ್ವ?" ಎಂದು ಅತ್ತೆ ಚೀಲ ತೋರಿಸಿದರು.

"ಎಲ್ಲಾ ಇದೆ ಅಜ್ಜಿ. ಅನ್ನದ್ದು, ಮಾಂಸದ್ದು, ಎಣ್ಣೇದು, ವಿಟಮಿನ್ನು."

"ರುಚಿ ಹೆಂಗಿರ್ತದೆ?"

"ನಾಲಿಗೆಗೆ ಮುಟ್ಟಲ್ವಲ್ಲ ಅಜ್ಜಿ, ರುಚಿ ಯಾಕೆ? ಈಗ ಐವತ್ತು ಕಿಲೋ ಆಗಿದ್ದಾರೆ, ನೋಡಿ ಎಷ್ಟ್ ಚೆನ್ನಾಗಾಗಿದ್ದಾರೆ." ಆ ಕಡೆಯ ಹಾಸಿಗೆಯವರು ಕೂಗಿದರು. "ಒಂದ್ನಿಮಿಷ ಕೈ ಹಿಡ್ಕೊಂಡಿರಿ," ಎಂದು ಅವಳು ಹೋದಳು.

ಮಾವನ ಕೈ ತಕ್ಷಣ ಮೂಗಿನ ಕಡೆ ಏರಿತು. ಅತ್ತೆ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಮತ್ತೆ ಏರಿತು. ಎರಡೂ ಕೈಯಿಂದ ಹಿಡಿದುಕೊಂಡರು.

"ಸೊಲ್‌ನಮ್ಮ."

"ಹ್ಞಾಂ ಅತ್ತೆ."

"ಕೆಮ್ಮಿದ್ದು ನೀನ್ ನೋಡಿದ್ದೆ."

ಸುಳ್ಳು ಹೇಳಲು ಬೇಕಾದಷ್ಟು ಹೊತ್ತಿತ್ತು. "ನೋಡಿದೆ ಅತ್ತೆ."

"ಎಷ್ಟ್ ದಿನ?"

"ಮೊದಲನೇ ದಿನದಿಂದ."

ಅತ್ತೆ ತಲೆಯಾಡಿಸಿದರು. ಮಾವನ ಕೈ ಅವರ ಹಿಡಿತದೊಳಗೆ ಎಳೆದಾಡುತ್ತಿತ್ತು.

"ನಾನೂ ಕೇಳಿಸ್ಕೊಂಡೆ," ಎಂದರು. "ಒಲೆ ಕಡೆ ತಿರುಗ್ಬಿಟ್ಟೆ."

"ಅತ್ತೆ..."

"ತಿಂತಾ ಇದ್ರಲ್ಲೇ."

ನೋಡಿಕೊಳ್ಳುವ ಹೆಂಗಸು ಬರಲಿಲ್ಲ. ಭೇಟಿಯ ಸಮಯ ಮುಗಿಯಿತೆಂದು ಬಾಗಿಲಲ್ಲಿ ಯಾರೋ ಕರೆದರು. ನಾನು ಗವಸು ಎತ್ತಿಕೊಂಡು ಮಾವನ ಬೆರಳುಗಳನ್ನು ಅದರೊಳಗೆ ಸೇರಿಸಿದೆ, ಆದರೆ ಕಟ್ಟಲು ಕೈ ಬರಲಿಲ್ಲ. ಅತ್ತೆ ನನ್ನನ್ನು ಸರಿಸಿ ಪಟ್ಟಿಯನ್ನು ಸರಳಿಗೆ ಎರಡು ಸುತ್ತು ಸುತ್ತಿ ಬಿಗಿದು ಗಂಟು ಹಾಕಿದರು. ಕೈಚೀಲ ತೆಗೆದುಕೊಂಡು ಎರಡು ಹೆಜ್ಜೆ ನಡೆದವರು ವಾಪಸ್ ಬಂದು, ಗಂಟು ಸಡಿಲವಾಗಿದೆಯೇನೋ ಎಂದು ಇನ್ನೊಮ್ಮೆ ಎಳೆದು ನೋಡಿದರು.